ಸಿಯೋಲ್‌ನಲ್ಲಿ ನಮ್ಮಪ್ಪನ ಹಲಗಿ

ದೇವದುರ್ಗ

ಮೊದಲೇ ಹೇಳಿಬಿಡುತ್ತೇನೆ, ಆ ಹಾಡುವ ಹುಡುಗರ ಗುಂಪಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೊರಿಯಾದ ಐದು ಹುಡುಗರು ಎಂದರೆ ಸಾಕು. ಹೆಸರು ಗೊತ್ತಿಲ್ಲವೆಂದಲ್ಲ. ನಮ್ಮ ಮೈತ್ರಿಯ ದೆಸೆಯಿಂದ ಆ ಐವರ ಹುಟ್ಟೂರು, ಅವರಿಗೆ ಸೇರದ ತರಕಾರಿ, ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ ಎಂಬುದೆಲ್ಲಾ ನನಗೆ ಬಾಯಿಪಾಠ. ಆದರೆ ಅವರು ನಮ್ಮಪ್ಪನ ಹೆಸರು ಬರೆಯಲಿಲ್ಲ, ನಾನು ಅವರದು ಬರೆಯುವುದಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಹೆಂಗಸಿನ ಕೈಯಲ್ಲಿ ಆಗುವ ಸೇಡು ಇಷ್ಟೇ.

ಮೈತ್ರಿ ನನ್ನ ಅಣ್ಣನ ಮಗಳು. ರಾಯಚೂರಿನಿಂದ ಯರಗೇರಾದ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಆ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೊರಿಯನ್ ಭಾಷೆ ಕಲಿತಳು. ನಾವೆಲ್ಲಾ ಹುಡುಗಿಗೆ ಹುಚ್ಚು ಹಿಡಿಯಿತು ಎಂದು ಬೈದೆವು. ಆ ಹುಚ್ಚೇ ನನ್ನನ್ನು ವಿಮಾನ ಹತ್ತಿಸಿತು.

ನಮ್ಮಪ್ಪ ಇರುವುದು ದೇವದುರ್ಗದಲ್ಲಿ. ತಮಟೆಯಂಥ ಹಲಗಿ ಬಾರಿಸುತ್ತಾನೆ. ಮೊದಲು ಊರಿನಲ್ಲಿ ಯಾರು ಸತ್ತರೂ, ಯಾರ ಮನೆಯ ಮೆರವಣಿಗೆ ಇದ್ದರೂ ಓಣಿಯ ಮೂಲೆಯಲ್ಲಿ ನಿಂತು ‘ಲೇ ಹಲಗಿ’ ಎಂದು ಕೂಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕೂಗಿದ ಮೇಲೆ ಅಪ್ಪ ಹೋಗಲೇಬೇಕು. ನಮ್ಮ ಓಣಿಯವರು ಬುದ್ಧನ ಕಡೆ ಬಂದ ಮೇಲೆ, ನನಗೆ ಕೆಲಸ ಸಿಕ್ಕ ಮೇಲೆ ಅದನ್ನು ಬಿಟ್ಟುಬಿಟ್ಟ. ಹಲಗಿಯನ್ನು ಮಾತ್ರ ಬಿಡಲಿಲ್ಲ. ಈಗ ಬುದ್ಧ ಪೂರ್ಣಿಮೆಯ ಮೆರವಣಿಗೆಯಲ್ಲಿ ಬಾರಿಸುತ್ತಾನೆ, ಅದೂ ತನ್ನ ಮನಸ್ಸು ಬಂದರೆ. ಮೈತ್ರಿಗೆ ಚಿಕ್ಕವಳಿದ್ದಾಗಿನಿಂದ ಕಲಿಸಿದ್ದಾನೆ.

ಅಪ್ಪ ಹಾಗೆ ಬಾರಿಸುವುದನ್ನು ಮೈತ್ರಿ ಫೋನಿನಲ್ಲಿ ಹಿಡಿದು ಜಗತ್ತಿಗೆ ತೋರಿಸಿದಳು. ಆ ಐದು ಹುಡುಗರ ಕಂಪನಿಯವರಿಗೆ ಅದು ಬೇಕಾಯಿತು. ಹೊಸ ಹಾಡಿನ ನಡುವೆ ಈ ಪೆಟ್ಟು ಸೇರಿಸಿಕೊಳ್ಳುತ್ತೇವೆ, ಹಾಡು ಬಿಡುಗಡೆಯಾಗುವ ದಿನ ಸಿಯೋಲ್‌ಗೆ ಬಂದು ವೇದಿಕೆಯ ಮೇಲೆ ಬಾರಿಸಿ ಎಂದು ಕರೆದರು. ಅಪ್ಪ ಒಂದೇ ಷರತ್ತು ಹಾಕಿದ.

"ಊರಾಗಿನ ಮದಿವಿ ಕಾರ್ಡಿನಾಗ ಎಲ್ಲಾರ ಹೆಸರೂ ಇರ್ತಾವ," ಎಂದ. "ಮುತ್ತ್ಯಾಂದು, ಮೊಮ್ಮಕ್ಕಳದು, ಇನ್ನೂ ತೊಟ್ಲಾಗ ಇರೋ ಕೂಸಿಂದು. ನನ್ನ ಜಾಗದಾಗ ‘ಸಕಲ ವಾದ್ಯ ವೈಭವದೊಂದಿಗೆ’ ಅಂತ ಇರ್ತದ. ಸಕಲ ವಾದ್ಯ ಅಂದ್ರ ಯಾರಬೇ? ನಾನ ಅಲ್ಲೇನು? ಒಮ್ಮಿ ಅಚ್ಚಿನಾಗ ನನ್ನ ಹೆಸರು ನೋಡಬೇಕು. ಅಷ್ಟ."

ಅವನ ಮೊಣಕಾಲು ವಿಮಾನಕ್ಕೆ ಒಪ್ಪಲಿಲ್ಲ. ಬಾರಿಸಲು ಮೈತ್ರಿ, ಜೊತೆಗೆ ನಾನು ಎಂದಾಯಿತು. "ನೀ ಸಿಟ್ಟಿನಾಕಿ ಅದಿ ಸುಜಾತಾ, ಹೆಸರು ತಪ್ಪಿತಂದ್ರ ಸುಮ್ನ ಬರಂಗಿಲ್ಲ," ಎಂದು ನನ್ನನ್ನು ಆರಿಸಿದ. ನನ್ನ ಸಿಟ್ಟಿಗೆ ಜೀವನದಲ್ಲಿ ಸಿಕ್ಕ ಮೊದಲ ಬಹುಮಾನ ಅದು.

ಶಾಲೆಯ ಸ್ಟಾಫ್ ರೂಮಿನಲ್ಲಿ ರಜೆ ಕೇಳಿದಾಗ ಹಿರಿಯ ಮೇಷ್ಟ್ರೊಬ್ಬರು ಚಹಾ ಕಪ್ಪಿನಿಂದ ಮುಖ ಎತ್ತದೆ ಕೇಳಿದರು: "ಏನ್ರೀ ಟೀಚರ್, ಹಲಗಿ ಬಡಿಯಾಕ ಅಲ್ಲೀತನಕ ಹೋಗಬೇಕೇನ್ರೀ?"

"ಹೌದ್ರೀ ಸರ್. ಇಲ್ಲಿ ಇಷ್ಟು ವರ್ಷ ಬಡಿದ್ರೂ ನಿಮಗ ಕೇಳಿಸ್ಲಿಲ್ಲಲ್ಲ," ಎಂದೆ. ಅವರು ಆ ದಿನ ಎರಡನೇ ಚಹಾ ಕುಡಿಯಲಿಲ್ಲ.

ವಿಮಾನ ನಿಲ್ದಾಣ

ಹಲಗಿಯನ್ನು ಅವ್ವ ಹೊಲಿದ ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡೇ ಹೋದೆವು. ವಿಮಾನದಲ್ಲಿ ಪಕ್ಕದಲ್ಲಿ ಕೂತವನು ಎರಡು ಸಲ ಅದರ ಮೇಲೆ ನೀರಿನ ಲೋಟ ಇಡಲು ಬಂದ. ಎರಡನೇ ಸಲ ನಾನು ನೋಡಿದ ನೋಟಕ್ಕೆ ಅವನು ಸೀಟು ಬದಲಿಸಿಕೊಂಡ.

ಇಳಿದ ಮೇಲೆ ಅಸಲಿ ಕಥೆ. ಪ್ರಾಣಿಯ ಚರ್ಮದ ವಸ್ತು ಏನಿದ್ದರೂ ಆ ದೇಶದಲ್ಲಿ ಬೇರೆ ಮೇಜಿಗೆ ಹೋಗಬೇಕಂತೆ. ಆ ಮೇಜಿನ ಹಿಂದೆ ಒಬ್ಬ ಅಧಿಕಾರಿ. ಬಿಳಿ ಕೈಗವಸು, ಮೂಗಿನ ಮೇಲೆ ಮಾಸ್ಕು. ಕೌದಿ ಬಿಚ್ಚಿದ, ಎರಡು ಬೆರಳಿನಲ್ಲಿ ಹಲಗಿಯ ಅಂಚು ಹಿಡಿದು ಎತ್ತಿದ, ದೂರ ಹಿಡಿದ, ಪ್ಲಾಸ್ಟಿಕ್ ಚೀಲದಲ್ಲಿ ಇಳಿಬಿಟ್ಟ.

ಎರಡು ಬೆರಳಿನಲ್ಲಿ ಹಿಡಿದು ದೂರ ಇಡುವುದನ್ನು ನೋಡಲು ನಾನು ಸಮುದ್ರ ದಾಟಿ ಬರಬೇಕಿತ್ತೇ? ಅದನ್ನು ದೇವದುರ್ಗದ ಗೌಡರ ಕಟ್ಟೆಯ ಹತ್ತಿರವೇ ಬೇಕಾದಷ್ಟು ನೋಡಿದ್ದೇನೆ. ಹಬ್ಬಕ್ಕೆ ಹಲಗಿ ಬೇಕು, ಹಲಗಿ ಇಡಲು ಜಾಗ ಮಾತ್ರ ತಿಪ್ಪೆಯ ಪಕ್ಕ.

"ಏ, ಕೈಗವಸು ತೆಗೀರಿ ಮೊದಲ!" ಎಂದು ಕನ್ನಡದಲ್ಲೇ ಕೂಗಿದೆ. "ಬರೀ ಕೈಲೆ ಮುಟ್ರಿ! ಏನಾಗ್ತದ ನೋಡೂಣು!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೈತ್ರಿ ನನ್ನ ಸೆರಗು ಎಳೆದಳು. "ಅತ್ತಿ, ಸುಮ್ಮನಿರು. ಇಲ್ಲಿ ಎಲ್ಲಾರಿಗೂ ಹಂಗ ಮಾಡ್ತಾರ. ಹಿಂದ ನೋಡು."

ಹಿಂದೆ ಚಿನ್ನದ ಬಳೆ, ರೇಷ್ಮೆ ಕೋಟಿನ ಹೆಂಗಸೊಬ್ಬಳು ನಿಂತಿದ್ದಳು. ಅವಳ ಒಣಮಾಂಸದ ಪೊಟ್ಟಣವನ್ನೂ ಅದೇ ಕೈಗವಸು, ಅದೇ ಎರಡು ಬೆರಳು ಎತ್ತಿದವು. ಅವಳದು ಬುಟ್ಟಿಗೆ ಬಿತ್ತು. ನಮ್ಮದಕ್ಕೆ ಕಂಪನಿಯವರು ಮೊದಲೇ ಕಾಗದಪತ್ರ ಕಳಿಸಿದ್ದರು. ಅದನ್ನು ನೋಡಿ ಅಧಿಕಾರಿ ಹಲಗಿಯನ್ನು ಮತ್ತೆ ಕೌದಿಯಲ್ಲಿಟ್ಟು, ಎರಡೂ ಕೈಯಿಂದ ಎತ್ತಿ, ಬಾಗಿ ನನಗೆ ಕೊಟ್ಟ. ನನಗೆ ಸಿಟ್ಟು ಇಳಿಯಲಿಲ್ಲ. ಬಂದ ಸಿಟ್ಟನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ಹೊರಗೆ ಬಂದೆ.

ಸಿಯೋಲ್‌ನ ರೈಲು

ಈ ಊರಿನ ನೆಲದಡಿಯ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಮಾನ್ವಿಯಿಂದ ರಾಯಚೂರಿಗೆ ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಪಕ್ಕದವರ ಸೊಸೆಯ ಗುಣ, ಅವರ ಎಮ್ಮೆಯ ಕಾಯಿಲೆ, ಭತ್ತದ ಮಿಲ್ಲಿನ ಜಗಳ ಎಲ್ಲವೂ ತಿಳಿದಿರುತ್ತದೆ. ಇಲ್ಲಿ ಎದುರು ಕೂತವನು ಉಸಿರಾಡುತ್ತಾನೋ ಇಲ್ಲವೋ ಅದೂ ಗೊತ್ತಾಗುವುದಿಲ್ಲ. ನಾನು ಮೈತ್ರಿಗೆ ಬುತ್ತಿಯ ಖಡಕ್ ರೊಟ್ಟಿ ಎಲ್ಲಿಟ್ಟೆ ಎಂದು ಕೇಳಿದ್ದಕ್ಕೆ ಒಬ್ಬ ಮುದುಕಪ್ಪ ತುಟಿಯ ಮೇಲೆ ಬೆರಳಿಟ್ಟ. ರೊಟ್ಟಿ ಮುರಿದ ಸದ್ದಿಗೆ ಇನ್ನಿಬ್ಬರು ತಿರುಗಿದರು. ಜೋಳದ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ.

ಆದರೆ ಒಂದು ನೋಡಿದೆ. ಡಬ್ಬಿಯ ಕೊನೆಯಲ್ಲಿ ಹಿರಿಯರಿಗೆಂದು ಬಿಟ್ಟ ಸೀಟುಗಳಿದ್ದವು. ಎಷ್ಟು ನೂಕುನುಗ್ಗಲು ಇದ್ದರೂ ಹುಡುಗರು ಅಲ್ಲಿ ಕೂರಲಿಲ್ಲ. ಸೀಟು ಖಾಲಿ, ಹುಡುಗರು ನಿಂತೇ ಇದ್ದಾರೆ. ಅಪ್ಪ ಬಂದಿದ್ದರೆ ಅಲ್ಲಿ ಕೂರುತ್ತಿದ್ದ. ಯಾರೂ ನೀನು ಯಾರ ಪೈಕಿ ಎಂದು ಕೇಳುತ್ತಿರಲಿಲ್ಲ. ಹಾಗೆ ಯೋಚಿಸಿದ್ದೇ ಮತ್ತೆ ಸಿಟ್ಟು ಬಂತು, ಈ ಸಲ ನಮ್ಮ ಊರಿನ ಮೇಲೆ.

ಅಂಗಡಿಯ ಮೆಟ್ಟಿಲು

ಹಾಡು ಬಿಡುಗಡೆಯಾದ ದಿನ ಬೆಳಿಗ್ಗೆ ಮೈತ್ರಿ ನನ್ನನ್ನು ಆಲ್ಬಂ ಮಾರುವ ಅಂಗಡಿಗೆ ಎಳೆದುಕೊಂಡು ಹೋದಳು. ಆಲ್ಬಂ ಎಂದರೆ ನಾನು ಕ್ಯಾಸೆಟ್ಟಿನಷ್ಟು ಇರಬಹುದು ಎಂದುಕೊಂಡಿದ್ದೆ. ಅದು ಮಿಠಾಯಿ ಡಬ್ಬಿಯಷ್ಟು ದೊಡ್ಡದು. ಒಳಗೆ ಹಾಡಿನ ತಟ್ಟೆ, ನುಣುಪು ಕಾಗದದ ದಪ್ಪ ಪುಸ್ತಕ, ಜೊತೆಗೆ ಐವರಲ್ಲಿ ಯಾರೋ ಒಬ್ಬನ ಪುಟ್ಟ ಫೋಟೋ ಕಾರ್ಡು. ಯಾರದು ಸಿಗುತ್ತದೆಂದು ತೆರೆಯುವತನಕ ಗೊತ್ತಾಗುವುದಿಲ್ಲ. ತನಗೆ ಬೇಕಾದ ಹುಡುಗನ ಕಾರ್ಡು ಸಿಗುವತನಕ ಹುಡುಗಿಯರು ಒಂದರ ಮೇಲೆ ಒಂದು ಕೊಳ್ಳುತ್ತಾರೆ.

ಕೊಂಡು ಏನು ಮಾಡುತ್ತಾರೆ? ಅಂಗಡಿಯ ಮೆಟ್ಟಿಲ ಮೇಲೆ ಕೂತು ಡಬ್ಬಿ ಹರಿದು, ಕಾರ್ಡು ತೆಗೆದುಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಗೋಡೆಯ ಪಕ್ಕದಲ್ಲಿ ಅಂಥವುಗಳ ರಾಶಿ ಬಿದ್ದಿತ್ತು. ಪುಸ್ತಕಗಳ ಪುಟ ಸಹ ತಿರುವಿರಲಿಲ್ಲ. ನನ್ನ ಶಾಲೆಯಲ್ಲಿ ಒಂದು ಅಟ್ಲಾಸನ್ನು ಮೂರು ತರಗತಿಯವರು ಹಂಚಿಕೊಂಡು ನೋಡುತ್ತಾರೆ, ಅದರಲ್ಲೂ ಆಫ್ರಿಕಾ ಖಂಡ ಹರಿದಿದೆ. ಈ ಮೆಟ್ಟಿಲ ಮೇಲೆ ಗೊಬ್ಬರದ ಗುಂಡಿಗೆ ಸುರಿದಂತೆ ಪುಸ್ತಕ ಸುರಿದಿದ್ದಾರೆ. ಯಾರನ್ನಾದರೂ ಹಿಡಿದು ಬೈಯಬೇಕೆನಿಸಿತು. ಎಲ್ಲರೂ ನನ್ನ ಎಂಟನೇ ತರಗತಿಯ ಹುಡುಗಿಯರಷ್ಟೇ ಇದ್ದರು, ಅಷ್ಟೇ ಮುಖ ಅರಳಿಸಿಕೊಂಡಿದ್ದರು. ಬೈಗುಳ ನುಂಗಿದೆ.

ಮೈತ್ರಿ ರಾಶಿಯಿಂದ ಒಂದು ಪುಸ್ತಕ ಎತ್ತಿ ಕೊನೆಯ ಪುಟಗಳಿಗೆ ಹೋದಳು. ಹಾಡಿಗೆ ದುಡಿದವರ ಹೆಸರೆಲ್ಲಾ ಅಲ್ಲಿ ಇರುತ್ತವೆ. ಅವಳು ಬೆರಳಿಟ್ಟು ನನಗೆ ಓದಿ ಹೇಳುತ್ತಾ ಹೋದಳು. ಕೂದಲು ಬಾಚಿದವರು, ಅಂಗಿ ಇಸ್ತ್ರಿ ಮಾಡಿದವರು, ಕಾರು ಓಡಿಸಿದವರು, ಫೋಟೋ ಹಿಡಿದವರು, ಎಲ್ಲರಿಗೂ ಹೆಸರಿದೆ. ಆ ಹುಡುಗರಲ್ಲಿ ಒಬ್ಬ ತನ್ನ ನಾಯಿಗೂ ಹೆಸರು ಹಾಕಿ ಧನ್ಯವಾದ ಹೇಳಿದ್ದಾನೆ.

"ಅಪ್ಪಂದು ಎಲ್ಲದ?" ಎಂದೆ.

ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಓದಬೇ."

"ಹಲಗಿ," ಎಂದಳು. "ಹಲಗಿ ಅಂತನ ಬರ್ದಾರ. ಮುಂದ..." ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. "ಮುತ್ತ್ಯಾ, ಭಾರತ."

ನಾಯಿಗೆ ಹೆಸರಿದೆ. ನಮ್ಮಪ್ಪ ಬರೀ ಅಜ್ಜ, ಮುತ್ತ್ಯಾ! ಯಾರ ಮುತ್ತ್ಯಾ? ದೇವಸುಗೂರಿನ ಹೊಳೆದಂಡೆಯಲ್ಲಿ ಕೂತವರೆಲ್ಲಾ ಯಾರದೋ ಒಬ್ಬರ ಮುತ್ತ್ಯಾನೇ. ಚಂದ್ರಬಂಡದ ಕಟ್ಟೆಯ ಮೇಲೆ ಬೀಡಿ ಸೇದುವವರೂ ಮುತ್ತ್ಯಾಗಳೇ. ಅಲ್ಲಿ ಸಕಲ ವಾದ್ಯ, ಇಲ್ಲಿ ಮುತ್ತ್ಯಾ. ಪುಸ್ತಕವನ್ನು ಕೈಚೀಲಕ್ಕೆ ತುರುಕಿ, "ನಡಿ, ಆ ಕಂಪನಿ ಎಲ್ಲದ ತೋರಿಸು," ಎಂದೆ. ರೈಲಿನಲ್ಲಿ ಆ ಸಲ ನಾನು ಜೋರಾಗಿಯೇ ಮಾತಾಡಿದೆ, ಯಾವ ಮುದುಕಪ್ಪನೂ ಬೆರಳೆತ್ತಲಿಲ್ಲ.

ಕಂಪನಿಯ ಕಚೇರಿ

ನಮ್ಮನ್ನು ನೋಡಿಕೊಳ್ಳಲು ಕಂಪನಿ ನೇಮಿಸಿದ್ದ ಹುಡುಗಿಯ ಹೆಸರು ಸೊಯೊನ್. ಇವಳ ಹೆಸರು ಬರೆಯುತ್ತೇನೆ, ಯಾಕೆಂದು ಮುಂದೆ ತಿಳಿಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನನ್ನ ಸಿಟ್ಟಿಗೂ ಇಂಗ್ಲಿಷ್ ಬರುತ್ತದೆ. ಅವಳು ಬಾಗಿ, ಕಾಗದದ ಲೋಟದಲ್ಲಿ ಚಹಾ ತಂದು ಎರಡೂ ಕೈಯಿಂದ ಕೊಟ್ಟಳು. ಈ ದೇಶದಲ್ಲಿ ಹಿರಿಯರಿಗೆ ಏನು ಕೊಟ್ಟರೂ ಎರಡು ಕೈ ಹಚ್ಚುತ್ತಾರೆ. ನಮ್ಮಪ್ಪನಿಗೆ ಊರಿನ ಚಹಾ ಅಂಗಡಿಯಲ್ಲಿ ಎತ್ತರದಿಂದ ಸುರಿಯುತ್ತಿದ್ದರು, ಲೋಟಕ್ಕೆ ಲೋಟ ತಾಗಬಾರದೆಂದು. ಆ ಎರಡು ಕೈ ನೋಡಿ ನಾನೂ ಎರಡೂ ಕೈಯಿಂದಲೇ ಲೋಟ ತೆಗೆದುಕೊಂಡೆ. ಆಮೇಲೆ ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದೆ.

"ಒಬ್ಬ ಮನುಷ್ಯ ಕೇಳಿದ್ದು ಒಂದೇ, ತನ್ನ ಹೆಸರು. ಅದನ್ನೂ ಹಾಕಲಾಗಲಿಲ್ಲವೇ ನಿಮಗೆ? ನಾಯಿಯ ಹೆಸರು ಕೇಳಲು ಪುರುಸೊತ್ತಿತ್ತು!"

ಸೊಯೊನ್ ಮುಖ ಬೆಳ್ಳಗಾಯಿತು. ಅವಳು ಪುಸ್ತಕ ನೋಡಿದಳು, ಮೈತ್ರಿಯನ್ನು ನೋಡಿದಳು. "ಮುತ್ತ್ಯಾ ಅವರ ಹೆಸರಲ್ಲವೇ?" ಎಂದಳು. "ನಾವು ಕೇಳಿದೆವು. ಮುತ್ತ್ಯಾ ಎಂದೇ ಉತ್ತರ ಬಂತು. ಇಲ್ಲಿ ಕಲಾವಿದರೆಲ್ಲ ಒಂದೇ ಪದದ ಹೆಸರಿಟ್ಟುಕೊಳ್ಳುತ್ತಾರೆ. ಇದೂ ಹಾಗೆ ಎಂದುಕೊಂಡೆವು. ತುಂಬಾ ಒಳ್ಳೆಯ ಹೆಸರು ಎಂದು ಎಲ್ಲರೂ ಅಂದೆವು."

ನಾನು ಮೈತ್ರಿಯ ಕಡೆ ತಿರುಗಿದೆ. ಅವಳ ಕಣ್ಣು ತುಂಬಿತ್ತು.

"ಅತ್ತಿ, ಬಾರಿಸೋರು ಯಾರು ಅಂತ ಕೇಳಿದ್ರು. ಮುತ್ತ್ಯಾ ಅಂತ ಬರ್ದೆ. ಮತ್ತ ಯಾರಂತ ಬರೀಲಿ? ಆತನ ಹೆಸರು ನನ್ನ ಬಾಯಾಗ ಎಂದರ ಬಂದದೇನು? ಕೈಯಾಗೂ ಬರ್ಲಿಲ್ಲ. ಪೂರಾ ಹೆಸರು, ಊರು, ಅಡ್ರೆಸ್ಸು ಎಲ್ಲಾ ಹಿಂದಿಂದ ಕೇಳ್ತಾರ, ಆವಾಗ ನಿಮ್ಮಣ್ಣನ ಕಡಿಲಿಂದ ಬರಸೂಣು ಅನ್ಕೊಂಡಿದ್ದೆ. ಅವರು ಮತ್ತ ಕೇಳಲೇ ಇಲ್ಲ."

ಅವಳಿಗೆ ಹೊಡೆಯಬೇಕೆನಿಸಿತು. ಹೊಡೆಯಲು ಕೈ ಏಳಲಿಲ್ಲ, ಏಕೆಂದರೆ ತಪ್ಪು ಅವಳದಷ್ಟೇ ಅಲ್ಲ. ನಮ್ಮಲ್ಲಿ ಯಾವ ಮಗು ಹಿರಿಯರ ಹೆಸರು ಹಿಡಿದು ಮಾತಾಡುತ್ತದೆ? ನಮ್ಮವ್ವ ಬದುಕಿದ್ದಷ್ಟು ದಿನ ‘ಇವರು’ ಎಂದಳು. ಅಣ್ಣ ಮತ್ತು ನಾನು ಯಪ್ಪಾ ಎಂದೆವು. ಮೊಮ್ಮಕ್ಕಳು ಮುತ್ತ್ಯಾ ಎಂದರು. ಓಣಿಯ ಆಚೆಯವರು ಲೇ ಎಂದರು. ಅವರು ಕೀಳುಮಾಡಿ ಹೆಸರು ತಿಂದರು, ನಾವು ಗೌರವ ಕೊಟ್ಟು ತಿಂದೆವು. ತಿಂದದ್ದಂತೂ ಇಬ್ಬರೂ ಒಂದೇ. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಆ ಹೆಸರಿಗೆ ನಿಲ್ಲಲು ಎಲ್ಲೂ ನೆಲೆ ಇರಲಿಲ್ಲ. ನೋಡಿ, ನೀವು ಇಷ್ಟು ದೂರ ಓದಿದಿರಿ, ನಾನೂ ಇನ್ನೂ ಅದನ್ನು ಬರೆದಿಲ್ಲ.

ಮೈತ್ರಿ ಈ ಪದ್ಧತಿಯನ್ನು ಕೊರಿಯನ್ ಭಾಷೆಯಲ್ಲಿ ವಿವರಿಸಿದಳು. ಸೊಯೊನ್ ನಗಲಿಲ್ಲ. ತಮ್ಮಲ್ಲೂ ಹಾಗೆಯೇ ಎಂದಳು. ತಂದೆಯ ಹೆಸರು ಯಾರಾದರೂ ಕೇಳಿದರೆ ಅವರು ಒಟ್ಟಿಗೆ ಉಚ್ಚರಿಸುವುದಿಲ್ಲವಂತೆ. ಒಂದೊಂದೇ ಅಕ್ಷರ ಬಿಡಿಸಿ, ಇದು ಒಂದು ಅಕ್ಷರ, ಇದು ಇನ್ನೊಂದು ಅಕ್ಷರ ಎಂದು ಹೇಳುತ್ತಾರೆ. ಹೆಸರೂ ತಲುಪಿತು, ಮರ್ಯಾದೆಯೂ ಉಳಿಯಿತು. ನಮ್ಮವರಿಗೆ ಇಷ್ಟಾದರೂ ಹೊಳೆಯಬಾರದಿತ್ತೇ ಎಂದು ನನಗೆ ಹೊಟ್ಟೆ ಉರಿಯಿತು.

"ಸರಿ, ಈಗ ಹೆಸರು ಹೇಳುತ್ತೇವೆ, ತಿದ್ದಿ," ಎಂದೆ. "ಪುಸ್ತಕ ಅಚ್ಚಾಗಿದೆ ಎಂದರೆ ವೇದಿಕೆಯ ಮೇಲಾದರೂ ಹೇಳಿಸಿ."

ಅವಳು ಒಳಗೆ ಹೋಗಿ ಬಂದಳು. ಮುಂದಿನ ಮುದ್ರಣದಲ್ಲಿ ನೋಡುತ್ತಾರಂತೆ. ವೇದಿಕೆಯ ಮಾತೆಲ್ಲ ಮೊದಲೇ ನಿಗದಿಯಾಗಿದೆ, ಒಂದು ಪದ ಸೇರಿಸಬೇಕಾದರೂ ಮೇಲಿನವರನ್ನು ಕೇಳಬೇಕಂತೆ. ಮೇಲಿನವರು ಮೀಟಿಂಗ್‌ನಲ್ಲಿದ್ದಾರಂತೆ. ಈ ಮಾತು ಕೇಳಲು ನಾನು ಕೊರಿಯಾಕ್ಕೆ ಬರಬೇಕಾಗಿರಲಿಲ್ಲ. ರಾಯಚೂರಿನ ಯಾವ ಕಚೇರಿಯ ಕಿಟಕಿಯಲ್ಲಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು.

ವೇದಿಕೆಯ ಹಿಂದೆ

ಸಂಜೆ ಮೈತ್ರಿಗೆಂದು ಬಟ್ಟೆ ತಂದರು. ಕನ್ನಡಿ ಹಚ್ಚಿದ ಘಾಗ್ರಾ, ಹಣೆಗೆ ದೊಡ್ಡ ಬೊಟ್ಟು, ತಲೆಗೆ ಸಿಕ್ಕಿಸಲು ನವಿಲುಗರಿ. ನವಿಲುಗರಿಯನ್ನು ನಾನು ಅವರ ಕಣ್ಣ ಮುಂದೆಯೇ ಕಸದ ಬುಟ್ಟಿಗೆ ಹಾಕಿದೆ. ಹಲಗಿ ಬಾರಿಸುವವರು ನಾಟಕದ ವೇಷದವರಲ್ಲ. ಮೈತ್ರಿ ಮನೆಯಿಂದ ತಂದ ನೀಲಿ ಕುರ್ತಾದಲ್ಲೇ ನಿಂತಳು, ಯಾರೂ ಮತ್ತೆ ಹತ್ತಿರ ಬರಲಿಲ್ಲ.

ಕೌದಿ ಬಿಚ್ಚಿ ಹಲಗಿಗೆ ಒಂದು ಪೆಟ್ಟು ಹಾಕಿದಳು. ಒದ್ದೆ ಗೋಣಿಚೀಲ ಒದ್ದಂತೆ ಸದ್ದು ಬಂತು. ಆ ಊರಿನ ಚಳಿಗೆ, ತೇವಕ್ಕೆ ಚರ್ಮ ಜೋತುಬಿದ್ದಿತ್ತು. ಹಲಗಿಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು, ಕಾದರೇ ಅದು ಮಾತಾಡುವುದು. ರಾಯಚೂರಿನ ಬಿಸಿಲಿನಲ್ಲಾದರೆ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ. ನಾನು ಒಂದಷ್ಟು ಹಳೆಯ ಕಾಗದ, ಕಡ್ಡಿಪೆಟ್ಟಿಗೆ ಕೊಡಿ ಎಂದೆ. ಹಾಗೆ ಕೇಳಿದ್ದೇ ತಡ ಕಾವಲುಗಾರರಿಬ್ಬರು ಓಡಿಬಂದು ನನ್ನ ಎರಡೂ ಪಕ್ಕದಲ್ಲಿ ನಿಂತರು. ನಾನು ಇಡೀ ಕಟ್ಟಡಕ್ಕೇ ಬೆಂಕಿ ಹಚ್ಚುವವಳು ಎಂದು ತಿಳಿದರು. ಆ ಹೊತ್ತಿನ ನನ್ನ ಮುಖ ನೋಡಿದರೆ ಅದು ಅವರ ತಪ್ಪಲ್ಲ.

ಉಪಾಯ ಹುಡುಕಿದ್ದು ಸೊಯೊನ್. ಪಕ್ಕದ ಕೋಣೆಯಲ್ಲಿ ಆ ಐದು ಹುಡುಗರ ಕೂದಲು ಒಣಗಿಸುತ್ತಿದ್ದವರನ್ನು ಕರೆತಂದಳು. ಹೇರ್ ಡ್ರೈಯರ್ ಹಿಡಿದ ಹೆಂಗಸರು ನಮ್ಮ ಹಲಗಿಯ ಸುತ್ತ ಕೂತರು. ನಾನು ಕೌದಿಯ ಮೇಲೆ ಅದನ್ನು ತಿರುಗಿಸುತ್ತಾ, "ಇಕ್ಕಡಿ, ಇಕ್ಕಡಿ, ಅಂಚಿಗೆ ಹಿಡೀರಿ," ಎಂದು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಹಾಗೆಯೇ ಹಿಡಿಯುತ್ತಿದ್ದರು. ಐದು ಹುಡುಗರು ಒದ್ದೆ ಕೂದಲಿನಲ್ಲಿ ಬಾಗಿಲಲ್ಲಿ ಕಾಯುತ್ತಿದ್ದರು. ಕಾಯಲಿ ಎಂದೆ ಮನಸ್ಸಿನಲ್ಲಿ. ನಮ್ಮಪ್ಪ ಎಷ್ಟು ಬಾಗಿಲಲ್ಲಿ ಕಾದಿಲ್ಲ.

ಚರ್ಮ ಬಿಗಿಯಿತು. ಮೈತ್ರಿ ಪೆಟ್ಟು ಹಾಕಿದಳು, ಠಣ್ ಎಂದಿತು. ಹುಡುಗರಲ್ಲಿ ಒಬ್ಬ, ನಾಯಿಯ ಹೆಸರು ಹಾಕಿದವನೇ, ಹತ್ತಿರ ಬಂದು ಬರಿಗೈಯಿಂದ ಹಲಗಿ ಮುಟ್ಟಿ ಅದಕ್ಕೆ ತಲೆಬಾಗಿದ. ಅದು ನನಗೆ ಸೇರಿತು. ಆದರೂ ಅವನ ಹೆಸರು ಬರೆಯುವುದಿಲ್ಲ.

ವೇದಿಕೆ

ಈ ಹಾಡು ಕೇಳುವವರು ಸುಮ್ಮನೆ ಕೂತು ಕೇಳುವುದಿಲ್ಲ. ಹಾಡು ಶುರುವಾಗುವಾಗ ಐವರ ಪೂರ್ತಿ ಹೆಸರನ್ನೂ ವರಸೆಯಾಗಿ, ತಾಳ ತಪ್ಪದೆ, ಇಡೀ ಸಭೆ ಒಂದೇ ಬಾಯಿಯಲ್ಲಿ ಕೂಗುತ್ತದೆ. ಕೈಯಲ್ಲಿ ಬಣ್ಣದ ದೀಪದ ಕೋಲು. ಅದಕ್ಕೆಂದೇ ಮನೆಯಲ್ಲಿ ಅಭ್ಯಾಸ ಮಾಡಿ ಬರುತ್ತಾರಂತೆ. ಪರದೆಯ ಪಕ್ಕ ನಿಂತ ನನ್ನ ಎದೆಗೇ ಆ ಹೆಸರುಗಳು ಬಂದು ಬಡಿದವು. ಹೆಸರಿನ ಬೆಲೆ ಇಷ್ಟು ತಿಳಿದ ಜನ ನಮ್ಮಪ್ಪನ ಪಾಲಿಗೆ ಮಾತ್ರ ತಪ್ಪಬೇಕೇ ಎಂದು ಕುದಿಯುತ್ತಿದ್ದೆ.

ಹಾಡಿನ ನಡುವೆ ಹುಡುಗರು ಕುಣಿತ ನಿಲ್ಲಿಸಿ ಪಕ್ಕಕ್ಕೆ ಸರಿದರು. ಬೆಳಕು ಮೈತ್ರಿಯ ಮೇಲೆ ಬಿತ್ತು. ಹಲಗಿಯನ್ನು ಎದೆಗೆ ಆನಿಸಿ, ಕಣ್ಣು ಮುಚ್ಚಿ ಬಾರಿಸಿದಳು. ಪೂರ್ಣಿಮೆಯ ಮೆರವಣಿಗೆ ನಮ್ಮ ಓಣಿ ದಾಟಿ ದೊಡ್ಡ ರಸ್ತೆಗೆ ಇಳಿಯುವಾಗ ಅಪ್ಪ ಬಾರಿಸುವ ಪೆಟ್ಟು ಅದು. ಒಂದು ಸುತ್ತು ಮುಗಿದಿರಲಿಲ್ಲ, ಸಭೆಯ ಯಾವುದೋ ಮೂಲೆಯಿಂದ ಕೂಗು ಎದ್ದಿತು. "ಮುತ್ತ್ಯಾ! ಮುತ್ತ್ಯಾ!" ಎರಡನೇ ಸುತ್ತಿಗೆ ಇಡೀ ಸಭೆ ಕೂಗಿತು. ಬೆಳಿಗ್ಗೆ ಮೆಟ್ಟಿಲ ಮೇಲೆ ಪುಸ್ತಕ ಬಿಸಾಡಿದವರು ಒಂದು ಕಡೆ ಇರಲಿ, ಕೊನೆಯ ಪುಟದ ಸಣ್ಣ ಅಕ್ಷರದತನಕ ಓದಿಕೊಂಡು ಬಂದವರೂ ಇದ್ದರು.

ನಾನು ಅತ್ತುಬಿಟ್ಟೆ. ಸಿಟ್ಟಿನಿಂದಲೇ ಅತ್ತೆ. ಇಷ್ಟು ಗಂಟಲು ಸಿದ್ಧವಾಗಿತ್ತಲ್ಲ, ಇವರ ಬಾಯಿಗೆ ಸರಿಯಾದ ಹೆಸರು ಕೊಟ್ಟಿದ್ದರೆ ಅದನ್ನೇ ಕೂಗುತ್ತಿದ್ದರಲ್ಲ!

ಬಾರಿಸಿ ಮುಗಿಸಿದ ಮೈತ್ರಿ ಹೋಗಬೇಕಾದ ಕಡೆ ಹೋಗಲಿಲ್ಲ. ಹಲಗಿಯ ಮುಂದೆ ಇಟ್ಟಿದ್ದ ಮೈಕಿಗೆ ಬಾಗಿದಳು. ಮಧ್ಯಾಹ್ನದಿಂದ ಅವಳು ತುಟಿಯಲ್ಲೇ ಏನೋ ಮಣಮಣ ಅನ್ನುತ್ತಿದ್ದುದು ಆಗ ನನಗೆ ಅರ್ಥವಾಯಿತು. ಸೊಯೊನ್ ಹೇಳಿಕೊಟ್ಟಂತೆ ಅಕ್ಷರ ಬಿಡಿಸಿ, ಒಂದೊಂದಾಗಿ, ಮುತ್ತ್ಯಾನ ಹೆಸರು ಹೇಳಿದಳು. ಮೈಕು ಅಷ್ಟರಲ್ಲೇ ಬಂದ್ ಆಗಿತ್ತು. ಅವಳ ಪಾಲಿನ ಹೊತ್ತು ಮುಗಿದಿತ್ತು, ಬೆಳಕೂ ಹುಡುಗರ ಕಡೆ ಹೊರಟುಹೋಗಿತ್ತು. ಪರದೆಯ ಪಕ್ಕದಲ್ಲಿದ್ದ ನನಗೆ, ಸೊಯೊನ್‌ಗೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ.

ಸೊಯೊನ್ ಓಡಿಹೋಗಿ ಮೈಕಿನವನ ತೋಳು ಹಿಡಿದು ಜಗಳಾಡಿದಳು, ಅದಕ್ಕೇ ಅವಳ ಹೆಸರು ಬರೆದದ್ದು. ಅವಳ ಹಿಂದೆ ನಾನೂ ಹೋಗಿ ದೇವದುರ್ಗದ ಭಾಷೆಯಲ್ಲಿ ಬಾಯಿಗೆ ಬಂದದ್ದೆಲ್ಲಾ ಬೈದೆ. ಅವನು ಎದ್ದು ನಿಂತು ಬಾಗಿ ನಮಸ್ಕಾರ ಮಾಡಿದ. ಬೈದರೆ ನಮಸ್ಕಾರ ಮಾಡುವವರ ಜೊತೆ ಜಗಳ ಮುಂದುವರಿಸುವುದು ಹೇಗೆ?

ಮತ್ತೆ ದೇವದುರ್ಗ

ಅಪ್ಪ ಹೊರಸಿನ ಮೇಲೆ ಕೂತಿದ್ದ. ಓಣಿಯ ಜನ ಬಾಗಿಲು, ಅಂಗಳ ತುಂಬಿದ್ದರು. ಮೈತ್ರಿ ಪುಸ್ತಕ ತೆಗೆದು ಆ ಸಾಲು ತೋರಿಸಿದಳು. ಅವನು ಕೊರಿಯನ್ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ. ಏನೆಂದು ಬರೆದಿದೆ ಎಂಬುದನ್ನು ನಾನೇ ಹೇಳಿದೆ, ಸುಳ್ಳು ಹೇಳಲಿಲ್ಲ. ಮುಂದಿನ ಮುದ್ರಣದ ಮಾತನ್ನೂ ಹೇಳಿದೆ. ಆ ಮುದ್ರಣ ಬರುವುದಿಲ್ಲವೆಂದು ಸೊಯೊನ್ ಆಗಲೇ ನೊಂದುಕೊಂಡು ತಿಳಿಸಿದ್ದಳು. ಹುಡುಗರ ಮುಂದಿನ ಹಾಡು ತಯಾರಾಗಿದೆ, ಹಳೆಯದನ್ನು ಇನ್ನು ಯಾರೂ ಅಚ್ಚು ಹಾಕುವುದಿಲ್ಲ. ಹಾಡುಗಳೂ ಅಲ್ಲಿ ಸಂತೆಯ ಕೊತ್ತಂಬರಿಯಂತೆ, ಸಂಜೆಗೆ ಬಾಡಿತು.

ಆಮೇಲೆ ಫೋನಿನಲ್ಲಿ ವೇದಿಕೆಯದನ್ನು ತೋರಿಸಿದೆವು. ಅಷ್ಟು ಜನ ಮುತ್ತ್ಯಾ ಎಂದು ಕೂಗುವಾಗ ಓಣಿಯವರು ಸಿಳ್ಳೆ ಹೊಡೆದರು. ಅಪ್ಪ ನಕ್ಕ, ಮೀಸೆ ಸವರಿಕೊಂಡ. "ನನ್ನ ನೋಡ್ಲಾರದ ಮುತ್ತ್ಯಾ ಅಂದ್ರಲ್ಲಬೇ, ಛೊಲೋ ಮಂದಿ ಅದಾರ," ಎಂದ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, "ಅದಿರಲಿ. ಹೆಸರೆಲ್ಲದ?" ಎಂದ.

ಮೈತ್ರಿ ಮುಂದೆ ಓಡಿಸಿ ತೋರಿಸಿದಳು. ಕತ್ತಲಲ್ಲಿ ಅವಳ ತುಟಿ ಅಲುಗುತ್ತದೆ, ಸದ್ದಿಲ್ಲ.

"ಏನಂದಿ ಅಲ್ಲಿ?"

ಅವಳು ತಲೆ ತಗ್ಗಿಸಿದಳು. ಅಷ್ಟು ದೂರದ ವೇದಿಕೆಯ ಮೇಲೆ ಹೇಳಿದ್ದು ಈಗ ಅವನ ಮುಖ ನೋಡಿ ಹೇಳಲು ಬರಲಿಲ್ಲ. ಯಾರಿಗೆ ತಾನೇ ಬಂದೀತು? ಅಪ್ಪ ಫೋನನ್ನು ಮೆಲ್ಲಗೆ ಮಗ್ಗುಲಿಗೆ ಇಟ್ಟ. "ಇರ್ಲಿ ಬಿಡು ಯವ್ವಾ," ಎಂದ.

ಆ ‘ಇರ್ಲಿ ಬಿಡು’ ನನಗೆ ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಅವನು ಅನ್ನುತ್ತಾ ಬಂದದ್ದೇ ಅದು. ಎದ್ದು ಹೊಸ್ತಿಲ ಮೇಲೆ ನಿಂತೆ. ಓಣಿಯ ಮೂಲೆ ಅಲ್ಲಿಂದ ಕಾಣುತ್ತದೆ, ಲೇ ಎಂದು ಕೂಗುತ್ತಿದ್ದ ಮೂಲೆ. ದಿನಾ ಬೆಳಿಗ್ಗೆ ತರಗತಿಯಲ್ಲಿ ಮಕ್ಕಳ ಹಾಜರಿ ಕರೆಯುವ ಗಂಟಲು ನನ್ನದು, ಯಾರ ಹೆಸರನ್ನೂ ನುಂಗಿದ್ದಿಲ್ಲ. ಆದರೂ ಮೊದಲು ನಾಲಿಗೆಗೆ ಯಪ್ಪಾ ಎಂದೇ ಬಂತು. ಅದನ್ನು ಬದಿಗಿಟ್ಟು ಕರೆದೆ.

"ಹುಸೇನಪ್ಪ! ತಂದಿ ಮರಿಯಪ್ಪ! ದೇವದುರ್ಗ!"

ಅಂಗಳದಲ್ಲಿ ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದಳು. ನನ್ನ ಬೆನ್ನ ಹಿಂದೆ ಹೊರಸು ಕಿರುಗುಟ್ಟಿತು. ತಿರುಗಿ ನೋಡಿದರೆ ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಿದ್ದ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ, ನನ್ನ ಮಕ್ಕಳು ಎತ್ತುವ ಹಾಗೆಯೇ ಕೈ ಎತ್ತಿದ.

"ಹಾಜರ್ ಅದೀನ್ರೀ ಟೀಚರ್," ಎಂದ. ಆಮೇಲೆ ಓಣಿಯ ತುದಿಯ ಕಡೆ ಗದ್ದ ತೋರಿಸಿದ. "ಇನ್ನೊಮ್ಮಿ ಕರಿ. ಮೂಲಿಯಾಗಿನವ್ರಿಗೆ ಕೇಳಿಸಿಲ್ಲ."